ಜೇಬಿನಲ್ಲಿ ಉಳಿದ ಮುಚ್ಚಳ

"ಕಿವಿಗೆ ಹಿಡ್ಕೊಂಡು ಕೇಳಿ ಮೇಡಂ. ಬರೀ ಕಣ್ಣಲ್ಲಿ ನೋಡಿ ಹಳೇ ಕ್ಯಾಮೆರಾ ಕೊಳ್ಳೋರು ಕೈ ಸುಟ್ಕೋತಾರೆ," ಎಂದ ಅಂಗಡಿಯ ಮುದುಕ.

ನಾನು ಕಿವಿಗೆ ಹಿಡಿದು ಗುಂಡಿ ಒತ್ತಿದೆ. ಒಳಗೆ ಸಣ್ಣ ಚಕ್ರಗಳು ಝುರ್ರೆಂದು ಓಡಿ ಟಕ್ಕೆಂದು ನಿಂತವು.

"ಕೇಳಿಸ್ತಾ? ಸರಿಯಾಗಿ ಒಂದು ಸೆಕೆಂಡು. ಎಲ್ಲೂ ಎಡವಲಿಲ್ಲ. ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿದ ಕ್ಯಾಮೆರಾ ಆಗಿದ್ರೆ ಇಷ್ಟೊತ್ತಿಗೆ ನರಳ್ತಾ ಇರ್ತಿತ್ತು. ನನ್ನ ಹಾಗೆ. ಕೂತ್ರೆ ಏಳೋಕಾಗಲ್ಲ, ಎದ್ರೆ ಕೂರೋಕಾಗಲ್ಲ. ಇದು ದಿನಾ ಕೆಲಸ ಮಾಡಿದ ಜೀವ."

ಅಣ್ಣ ತನ್ನ ಸ್ಟುಡಿಯೋದ ತಾರಸಿಯಿಂದ ಬಿದ್ದು ಸತ್ತ ದಿನದಿಂದ ಅವನ ಕ್ಯಾಮೆರಾ ಕಾಣೆಯಾಗಿತ್ತು. ಅದಕ್ಕಾಗಿಯೇ ನಾನು ಎರಡು ತಿಂಗಳಿಂದ ಹಳೆ ಕ್ಯಾಮೆರಾದ ಹುಚ್ಚು ಹಿಡಿದವಳಂತೆ ಅಂಗಡಿ ಅಂಗಡಿ ಅಲೆಯುತ್ತಿದ್ದೆ. ಎಲ್ಲ ಕಡೆ ಒಂದೇ ಮಾತು: ಎರಡು ಬಿಂಬ ಸೇರಿಸಿ ಫೋಕಸ್ ಮಾಡೋ ರೇಂಜ್‌ಫೈಂಡರ್ ಬೇಕು, ಚೆನ್ನಾಗಿ ಕೆಲಸ ಮಾಡ್ತಿರಬೇಕು. ತೋರಿಸಿದವರೆಲ್ಲ ತೋರಿಸಿದ್ದು ತುಕ್ಕು ಹಿಡಿದ ಡಬ್ಬಗಳನ್ನು. ಇದೊಂದೇ ಅವನದರ ಮಾದರಿಯದು. ಆದರೆ ಈ ಮಾದರಿಯವು ಊರಲ್ಲಿ ಇನ್ನೂ ನಾಲ್ಕಾರು ಇರಬಹುದಾದ್ದರಿಂದ ನಾನು ಇನ್ನೂ ಏನೂ ಅಂದುಕೊಳ್ಳಲಿಲ್ಲ.

"ಈಗ ಕಣ್ಣಿಗೆ ಹಿಡೀರಿ," ಎಂದ ಮುದುಕ. "ನಡುವೆ ಹಳದಿ ಚೌಕ ಕಾಣುತ್ತಾ? ಅದರೊಳಗೆ ನನ್ನ ಮೂಗು ಎರಡಾಗಿದೆ. ಒಂದೇ ಮೂಗಿಗೆ ನಮ್ಮನೆಯವಳು ಇಷ್ಟು ವರ್ಷ ಬೈದಿದ್ದು ಸಾಕು, ಎರಡನ್ನೂ ಒಂದು ಮಾಡಿ. ಲೆನ್ಸಿನ ಉಂಗುರ ತಿರುಗಿಸಿ. ನಾನೂ ಜಾಗ ಬಿಟ್ಟು ಸರಿಯಲ್ಲ, ನೀವೂ ಸರೀಬೇಡಿ. ಉಂಗುರ ಮಾತ್ರ ತಿರುಗಲಿ."

ತಿರುಗಿಸಿದೆ. ಎರಡು ಮೂಗು ಜಾರುತ್ತ ಬಂದು ಒಂದರ ಮೇಲೊಂದು ಕೂತವು.

"ಒಂದು ಐಬು ಈಗಲೇ ಹೇಳ್ಬಿಡ್ತೀನಿ. ಆಮೇಲೆ ಮುದುಕ ಮೋಸ ಮಾಡಿದ ಅನ್ಬಾರದು. ಮುಂದಿನ ಕಿಂಡಿಯ ಗಾಜಿನ ಮೇಲೆ ಯಾರೋ ಚುಕ್ಕೆ ಇಟ್ಟಿದಾರೆ. ಬಿಂಬ ಮಸುಕಾದಾಗ ಎದ್ದು ಕಾಣಲಿ ಅಂತ ಮಾಡೋ ಉಪಾಯ ಇದು. ಬೇರೆಯವರು ಕಪ್ಪು ಟೇಪು ಅಂಟಿಸ್ತಾರೆ. ಇದಕ್ಕೆ ಯಾರೋ ಉಗುರು ಬಣ್ಣ ಇಟ್ಟಿದಾರೆ. ಒರೆಸಿ ಕೊಡ್ಲಾ?"

"ಬೇಡ," ಎಂದೆ.

ಕಪ್ಪಿಗೆ ತಿರುಗುವಷ್ಟು ಗಾಢವಾದ ಕೆಂಪು. ಅತ್ತಿಗೆಯ ಕನ್ನಡಿಯ ಮುಂದೆ ಸದಾ ಇರುತ್ತಿದ್ದ ಸೀಸೆಯ ಬಣ್ಣ. ಇದು ಅಣ್ಣನ ಕ್ಯಾಮೆರಾ.

ಅಳು ಬರಬಹುದೆಂದು ಕಾದೆ. ಬರಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ತುಟಿ ಕಚ್ಚಿದರೂ ಗೊತ್ತಾಗುವುದಿಲ್ಲವಲ್ಲ, ಅಣ್ಣ ಹೋದಾಗಿನಿಂದ ನಾನು ಪೂರ್ತಿ ಹಾಗೆ ಮರಗಟ್ಟಿಹೋಗಿದ್ದೆ. ಊಟ, ನಿದ್ರೆ, ಕೆಲಸ ಎಲ್ಲ ನಡೆಯುತ್ತಿತ್ತು, ಯಾವುದೂ ಮೈಗೆ ತಾಕುತ್ತಿರಲಿಲ್ಲ. ವಿಮಾ ಕಂಪನಿಯಲ್ಲಿ ಯಾರ ಗೋದಾಮು ತಾನಾಗಿ ಸುಟ್ಟಿತು, ಯಾರು ಸುಟ್ಟುಕೊಂಡರು ಎಂದು ಪತ್ತೆ ಮಾಡುವುದು ನನ್ನ ಕಸುಬು. ಆ ಕಸುಬಿಗೆ ಈ ಮರಗಟ್ಟುವಿಕೆ ಅನುಕೂಲವೇ ಆಗಿತ್ತೆಂದು ಹೇಳಲು ನಾಚಿಕೆಯಾಗುತ್ತದೆ.

"ಬಿದ್ದ ಗುರುತು ಏನಾದ್ರೂ ಇದೆಯಾ?" ಎಂದೆ.

"ಒಂದು ಗೀರು ತೋರಿಸಿ, ಬಿಟ್ಟಿ ಕೊಡ್ತೀನಿ."

"ಮುಚ್ಚಳ?"

"ಅದೊಂದಿಲ್ಲ. ತಂದವರು ಕಳೆದುಹೋಯ್ತು ಅಂದ್ರು. ಪಾಪ, ಅವರಿಗೆ ಇದರ ಗಂಧಗಾಳಿನೂ ಇಲ್ಲ. ಹಿಂಬದಿ ತೆಗೀರಿ ಸ್ವಾಮಿ, ಒಳಗೆ ನೋಡೋಣ ಅಂದ್ರೆ ಎಲ್ಲಿ ಎಳೀಬೇಕು ಅಂತ ತಿಳೀದೆ ಮೂರು ಸುತ್ತು ತಿರುಗಿಸಿ ನೋಡಿದ್ರು. ನಾನೇ ತೆಗೆದೆ."

"ಒಳಗೆ ಫಿಲ್ಮ್ ಇತ್ತಾ?"

"ಖಾಲಿ. ಯಾರೋ ತಿಳಿದವರು ನೀಟಾಗಿ ಸುತ್ತಿ ತೆಗೆದಿದ್ರು. ಗೊತ್ತಿಲ್ಲದವರು ಎಳೆದಿದ್ರೆ ಹಲ್ಲುಚಕ್ರದಲ್ಲಿ ಒಂದು ಚೂರಾದ್ರೂ ಹರಿದು ಉಳೀತಿತ್ತು."

ಆ ಮಾತನ್ನು ಒಂದು ಕಡೆ ತೆಗೆದಿಟ್ಟುಕೊಂಡೆ. ಅಣ್ಣ ಫಿಲ್ಮ್ ಇಲ್ಲದ ಕ್ಯಾಮೆರಾ ಹೊತ್ತು ತಿರುಗಿದವನಲ್ಲ.

ತಂದವರು ಯಾರು, ನೋಡಲು ಹೇಗಿದ್ದರು ಎಂದು ಕೇಳುವ ಮೊದಲೇ ಮುದುಕ ಗಲ್ಲೆಯ ಕೆಳಗಿಂದ ಒಂದು ಬಟ್ಟೆ ಚೀಲ ಎಳೆದ. "ಅದು ಬಂದ ಚೀಲದಲ್ಲೇ ಹಾಕಿ ಕೊಡ್ತೀನಿ. ತವರಿನಿಂದ ಬಂದ ಚೀಲ ಇರಲಿ."

ಹಸಿರು ಚೀಲ, ಅದರ ಮೇಲೆ ಸೊಂಡಿಲಲ್ಲಿ ಬ್ರಷ್ ಹಿಡಿದ ಆನೆ. ನಮ್ಮ ಮನೆಯಲ್ಲಿ ತರಕಾರಿ ತರುವುದೂ ಅಂಥ ಚೀಲದಲ್ಲೇ. ಅದನ್ನು ಮನೆಗೆ ತಂದುಕೊಡುತ್ತಿದ್ದವನು ಒಬ್ಬನೇ, ಬಣ್ಣದಂಗಡಿ ಇಟ್ಟಿರುವ ಅತ್ತಿಗೆಯ ತಮ್ಮ.

ಬೀದಿಗೆ ಬಂದು ಕೈಚೀಲ ತಡಕಾಡಿದೆ. ಮೊದಲು ಸಿಕ್ಕಿದ್ದು ಬೀಗದ ಕೈ ಗೊಂಚಲು. ಅದರಲ್ಲಿ ಅಣ್ಣ ಮನೆಯಲ್ಲಿ ಫಿಲ್ಮ್ ತೊಳೆಯುತ್ತಿದ್ದ ಕತ್ತಲೆ ಕೋಣೆಯದೂ ಇತ್ತು. ಆ ಬಾಗಿಲು ಕಂಡರೆ ಅತ್ತಿಗೆ ನಡುಗುತ್ತಾರೆಂದು ನಾನೇ ಬೀಗ ಹಾಕಿ ಕೀಲಿ ಇಟ್ಟುಕೊಂಡಿದ್ದೆ. ಅದರ ಕೆಳಗೆ ಕೈಗೆ ಸಿಕ್ಕಿತು, ಕಾಗದದಲ್ಲಿ ಸುತ್ತಿಟ್ಟ ಲೆನ್ಸಿನ ಮುಚ್ಚಳ.

ಈ ಮುಚ್ಚಳದ ಕಥೆ ನಮ್ಮ ಮನೆಯ ಹಳೆಯ ತಮಾಷೆ. ಕಸುಬಿನ ಮೊದಲ ವರ್ಷ ಅಣ್ಣ ಒಂದು ಮದುವೆಯ ಫೋಟೋಗಳನ್ನೆಲ್ಲ ಮುಚ್ಚಳ ತೆಗೆಯದೆ ಹೊಡೆದಿದ್ದ. ರೇಂಜ್‌ಫೈಂಡರ್ ಹಿಡಿದವರಿಗೇ ಆಗುವ ಎಡವಟ್ಟು ಅದು. ಮಾರನೆಯ ದಿನ ಮದುಮಕ್ಕಳನ್ನು ಮತ್ತೆ ಸಿಂಗರಿಸಿ ನಿಲ್ಲಿಸಬೇಕಾಯಿತು. ಮದುಮಗನ ತಾಯಿ ಅವನನ್ನು ಬಾಯಿಗೆ ಬಂದಂತೆ ಬೈದಿದ್ದು ಬೀದಿಯ ಆ ತುದಿಗೆ ಕೇಳಿಸಿತ್ತಂತೆ.

ಅಂದಿನಿಂದ ಅವನಿಗೊಂದು ಕಟ್ಟಳೆ. ಫೋಟೋ ತೆಗೆಯುವ ಮುನ್ನ ಮುಚ್ಚಳ ಅಂಗಿಯ ಎಡ ಜೇಬಿಗೆ, ತೆಗೆದ ಕೂಡಲೇ ಮತ್ತೆ ಲೆನ್ಸಿಗೆ. ನಡುವೆ ಮನೆಗೆ ಬೆಂಕಿ ಬಿದ್ದರೂ ಮುಚ್ಚಳ ಇನ್ನೊಂದು ಕಡೆ ಇರುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಅವನ ಅಂಗಿಯ ಎಡ ಜೇಬಿನಲ್ಲಿ ಈ ಮುಚ್ಚಳ ಇತ್ತು.

ಪೊಲೀಸರಿಗೆ ತೋರಿಸಿದರೆ, ಫೋಟೋಗ್ರಾಫರ್ ಜೇಬಲ್ಲಿ ಮುಚ್ಚಳ ಇರದೆ ತಟ್ಟೆ ಲೋಟ ಇರುತ್ತಾ ಎಂದು ಕೇಳಿದರು. ಅವರ ಪ್ರಕಾರ ಅವನು ಹಾರಿದ. ಅತ್ತಿಗೆಯೂ ಹಾಗೆಯೇ ನಂಬಿದ್ದಾರೆಂದು ನಾನು ತಿಳಿದಿದ್ದೆ. ಆ ಬೆಳಿಗ್ಗೆ ಇಬ್ಬರಿಗೂ ಜಗಳವಾಗಿ, "ನೀವು ಸತ್ರೇ ನಂಗೆ ನೆಮ್ಮದಿ" ಎಂದಿದ್ದರಂತೆ. ಅವನು ಸ್ಟುಡಿಯೋಗೆ ಹೋದ, ಇವರು ಮನೆಯಲ್ಲಿ ಉಳಿದರು, ಮಧ್ಯಾಹ್ನ ಸುದ್ದಿ ಬಂತು. ಅಂದಿನಿಂದ ಅತ್ತಿಗೆಯ ಬಾಯಲ್ಲಿ ಒಂದೇ ಮಾತು, "ನಾನೇ ಕೊಂದೆ." ತಟ್ಟೆಯ ಮುಂದೆ ಕೂತು ಎರಡು ತುತ್ತಿಗೆ ಏಳುತ್ತಾರೆ. ಕ್ಯಾಮೆರಾದ ವಿಷಯ ಎತ್ತಿದರೆ, "ನಂಗದರ ತಲೆಬುಡ ಗೊತ್ತಿಲ್ಲ ಕಣೇ, ಅವರು ಮುಟ್ಟೋಕೂ ಬಿಡ್ತಿರ್ಲಿಲ್ಲ" ಎಂದು ಗೋಡೆಯ ಕಡೆ ತಿರುಗುತ್ತಾರೆ. ಅಣ್ಣನನ್ನಂತೂ ತರಲಾಗುವುದಿಲ್ಲ. ಆದರೆ ಅವನು ಹಾರಲಿಲ್ಲ ಎಂದು ತೋರಿಸಿಕೊಟ್ಟರೆ ಅತ್ತಿಗೆಯಾದರೂ ಉಳಿಯುತ್ತಾರೆ. ನನಗೆ ಬೇಕಿದ್ದುದು ಅಷ್ಟೇ.

ಸಾಯಲು ಹೊರಟವನು ಕ್ಯಾಮೆರಾದ ಮುಚ್ಚಳ ತೆಗೆದು ಜೋಪಾನವಾಗಿ ಜೇಬಿಗೆ ಹಾಕಿಕೊಳ್ಳುವುದಿಲ್ಲ.

ಬಣ್ಣದಂಗಡಿಗೆ ಹೋದಾಗ ಡಬ್ಬ ಕುಲುಕುವ ಯಂತ್ರ ಮೈತುಂಬ ಜ್ವರ ಬಂದಂತೆ ಅಲ್ಲಾಡುತ್ತಿತ್ತು. ಅತ್ತಿಗೆಯ ತಮ್ಮ ಗಿರಾಕಿಯೊಬ್ಬರ ಮುಂದೆ ಬಣ್ಣದ ಪಟ್ಟಿ ಬಿಡಿಸಿಕೊಂಡು ನಿಂತಿದ್ದ. ಆರಡಿ ಎತ್ತರ, ಅದಕ್ಕೆ ತಕ್ಕ ಹೊಟ್ಟೆ. ಮನೆಯಲ್ಲಿ ಎಲ್ಲರೂ ಕರೆಯುವುದು ಪಾಪು ಎಂದು.

"ಓಹೋ, ಪತ್ತೇದಾರಕ್ಕ! ಬನ್ನಿ ಬನ್ನಿ. ಅಕ್ಕ ಏನಾದ್ರೂ ತಿಂದ್ಲಾ?"

"ಎರಡು ತುತ್ತು."

ಅವನ ಮುಖ ಸಪ್ಪಗಾಯಿತು. ಅದು ನಟನೆಯಲ್ಲ. ಅಣ್ಣ ಸತ್ತಾಗ ಆಸ್ಪತ್ರೆ, ಠಾಣೆ, ನೆಂಟರು, ಎಲ್ಲವನ್ನೂ ನೋಡಿಕೊಂಡವನು ಇವನೇ. ಗಿರಾಕಿ ಹೋಗುವವರೆಗೆ ಕಾದೆ.

"ಏನು, ಮನೆಗೆ ಬಣ್ಣ ಹೊಡೆಸ್ತೀರಾ?"

"ಇಲ್ಲ ಪಾಪು. ನಿನ್ನ ಚೀಲ ವಾಪಸ್ ಕೊಡೋಣ ಅಂತ ಬಂದೆ."

ಗಲ್ಲೆಯ ಮೇಲಿಟ್ಟೆ. ಅವನು ಚೀಲ ನೋಡಿದ, ಅದರ ಉಬ್ಬು ನೋಡಿದ.

"ಈ ಚೀಲ ಊರಿಗೆಲ್ಲ ಹಂಚಿದೀವಿ," ಎಂದ. "ಕ್ಯಾಮೆರಾ ನಾನೇ ಮಾರಿದೆ ಅಂತ ಹೇಗೆ ಹೇಳ್ತೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕ್ಯಾಮೆರಾದ ಹೆಸರನ್ನೇ ಎತ್ತಿರಲಿಲ್ಲ.

ಅವನಿಗೂ ಗೊತ್ತಾಯಿತು. ಬಣ್ಣದ ಡಬ್ಬವೊಂದರ ಮೇಲೆ ಕುಸಿದು ಕೂತ. ಯಂತ್ರ ಕುಲುಕುತ್ತಲೇ ಇತ್ತು. ನಾನೇ ಹೋಗಿ ಅದರ ಸ್ವಿಚ್ ಆರಿಸಿದೆ.

"ಭಾವನೇ ಕೊಟ್ಟಿದ್ದು," ಎಂದ. "ಅವತ್ತೇ ಬೆಳಿಗ್ಗೆ, ಜಗಳ ಆದ್ಮೇಲೆ, ನೇರ ಇಲ್ಲಿಗೆ ಬಂದ್ರು. ಮಾರ್ಬಿಡು ಪಾಪು, ಇನ್ನು ನಂಗೆ ಬೇಡ ಅಂದ್ರು. ಆಗಲೇ ನಂಗೆ ಅರ್ಥ ಆಗ್ಬೇಕಿತ್ತು. ಇದನ್ನ ಅಕ್ಕನಿಗೆ ಹೇಗೆ ಹೇಳ್ಲಿ? ಅದಕ್ಕೇ ಬಾಯಿ ಮುಚ್ಕೊಂಡು ಮಾರಿದೆ."

ಪ್ರಾಣದಂತಿದ್ದ ವಸ್ತುವನ್ನು ಬೆಳಿಗ್ಗೆ ಕೊಟ್ಟು, ಮಧ್ಯಾಹ್ನ ಹಾರಿದ. ಕೇಳಿದವರು ತಲೆಯಾಡಿಸುವಂಥ ಕಥೆ. ನಾನೂ ಆಡಿಸಿದೆ.

"ಮುಚ್ಚಳ ಯಾಕೆ ಕೊಡಲಿಲ್ಲ?"

"ಮುಚ್ಚಳಾನಾ?" ಆಸ್ಪತ್ರೆಯಿಂದ ಅಂಗಿಯ ಪೊಟ್ಟಣ ತಂದವನೇ ಅವನು. ಅದರಲ್ಲಿ ಏನಿತ್ತೆಂದು ನೆನಪಿಸಿಕೊಳ್ಳುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. "ಹಾಂ. ಕೊಟ್ಟಾಗ ಲೆನ್ಸಿನ ಮೇಲೇ ಇತ್ತು. ನಾನು ಕಣ್ಣಿಗೆ ಹಿಡ್ದೆ, ನೋಡಿದ್ರೆ ಎಲ್ಲ ಕತ್ತಲೆ. ಏನ್ ಭಾವ, ಕೆಟ್ಟುಹೋಗಿದೆಯಲ್ಲ ಅಂದೆ. ಅವರು ನಕ್ಕು, ಮುಚ್ಚಳ ಕಿತ್ತು ಜೇಬಿಗೆ ಹಾಕ್ಕೊಂಡ್ರು. ಹಾಗೇ ಹೊರಟುಹೋದ್ರು."

ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುವವರೂ ನಿಜವಾಗಿಯೇ ಅಳುತ್ತಾರೆ ಎಂಬುದು ಕಸುಬಿನಲ್ಲಿ ಕಲಿತ ಮೊದಲ ಪಾಠ.

ಕಾಗದ ಬಿಚ್ಚಿ ಮುಚ್ಚಳ ತೆಗೆದು ಲೆನ್ಸಿಗೆ ಹಾಕಿದೆ. ಕ್ಯಾಮೆರಾ ಅವನ ಕೈಗೆ ಕೊಟ್ಟೆ.

"ನೋಡು."

"ಯಾಕೆ?"

"ಕಣ್ಣಿಗೆ ಹಿಡಿದು ನೋಡು ಪಾಪು."

ಅವನು ಹಿಡಿದ.

"ಏನು ಕಾಣುತ್ತೆ?"

"ನೀವು."

"ಇನ್ನೂ?"

"ಹಿಂದೆ ರ‍್ಯಾಕು. ನೀಲಿ ಡಬ್ಬಗಳು." ಅವನ ಧ್ವನಿ ಇಳಿಯಿತು. "ಬಾಗಿಲು. ಬೀದಿ."

"ಮುಚ್ಚಳ ಹಾಕಿದೆ, ಪಾಪು. ಇದರಲ್ಲಿ ನೋಡೋ ಕಿಂಡಿ ಬೇರೆ, ಲೆನ್ಸ್ ಬೇರೆ. ಮುಚ್ಚಳ ಇದ್ರೂ ಎಲ್ಲ ಚೆನ್ನಾಗಿ ಕಾಣುತ್ತೆ, ಒಳಗೆ ಮಾತ್ರ ಏನೂ ಮೂಡಲ್ಲ. ನಮ್ಮಣ್ಣ ಮದುವೆ ಹಾಳು ಮಾಡಿದ್ದು ಹೀಗೇ."

ಹೇಳುತ್ತಿರುವಾಗಲೇ ಹೊಳೆಯಿತು, ಈ ಎರಡು ತಿಂಗಳು ನನ್ನ ಪಾಡೂ ಅದೇ. ಎಲ್ಲವನ್ನೂ ನೋಡಿದ್ದೆ, ಒಳಗೆ ಏನೂ ಬಿದ್ದಿರಲಿಲ್ಲ.

"ಅಣ್ಣ ನಿನ್ನ ಕೈಗೆ ಇದನ್ನ ಕೊಡಲಿಲ್ಲ," ಎಂದೆ. "ಅವನು ತಾರಸಿ ಮೇಲೆ ಮುಚ್ಚಳ ತೆಗೆದ. ಆಮೇಲೆ ಕೆಳಗೆ ಬಿದ್ದ. ಕ್ಯಾಮೆರಾ ಅವನ ಕೊರಳಲ್ಲೇ ಇದ್ದಿದ್ರೆ ಚೂರುಚೂರಾಗಿರ್ತಿತ್ತು. ಇದಕ್ಕೆ ಒಂದು ಗೀರೂ ಇಲ್ಲ. ಅವನು ಬೀಳುವಾಗ ಇದು ಇನ್ನೊಬ್ಬರ ಕೈಯಲ್ಲಿತ್ತು. ನಿನ್ನ ಕೈಯಲ್ಲಾ?"

"ಅಯ್ಯೋ, ಇಲ್ಲ! ನಮ್ಮಕ್ಕನ ಆಣೆ!"

ಆ ಮಾತು ಬಾಯಿಂದ ಬಿದ್ದದ್ದೇ ತಡ, ಅವನು ಕ್ಯಾಮೆರಾವನ್ನು ಗಲ್ಲೆಯ ಮೇಲಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ನಾನು ಕಾದೆ. ಕಾಯುವುದೂ ನನ್ನ ಕಸುಬೇ.

"ಅಕ್ಕ ಫೋನ್ ಮಾಡಿದ್ಲು," ಎಂದ ಬೆರಳುಗಳ ಸಂದಿಯಿಂದ. "ಪಾಪು, ಬೇಗ ಬಾ ಅಂದ್ಲು. ನಾನು ಹೋದಾಗ ತಾರಸಿ ಮೆಟ್ಟಿಲ ಮೇಲೆ ಕೂತಿದ್ಲು. ಇದು ಅವಳ ಕೊರಳಲ್ಲಿತ್ತು."

"ಅತ್ತಿಗೆ ಮನೇಲಿದ್ರು."

"ಮನೇಲಿದ್ದೆ ಅಂತ ಹೇಳು ಅಂದಿದ್ದು ನಾನು. ಬೆಳಿಗ್ಗೆ ಆಡಿದ ಜಗಳ ಬೀದಿಗೆಲ್ಲ ಕೇಳಿಸಿತ್ತು. ಸತ್ರೇ ನೆಮ್ಮದಿ ಅಂದಿದ್ದೂ ಕೇಳಿಸಿತ್ತು. ಮಧ್ಯಾಹ್ನ ತಾರಸೀಲಿ ಗಂಡ ಹೆಂಡ್ತಿ ಇಬ್ಬರೇ ಇದ್ರು ಅಂದ್ರೆ ಯಾರು ನಂಬ್ತಿದ್ರು? ನೀವು ನಂಬ್ತಿದ್ರಾ?"

ನಾನು ಕ್ಯಾಮೆರಾವನ್ನು ನನ್ನ ಕಡೆಗೆ ಎಳೆದುಕೊಂಡೆ.

"ರಾಜಿ ಆಗೋಕೆ ಹೋಗಿದ್ಲು. ಅವರಿಬ್ಬರದು ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಜಗಳ ಮುಗಿದಾಗ ಒಂದು ಫೋಟೋ, ಅದು ಅವರ ಪದ್ಧತಿ. ಸ್ಟುಡಿಯೋದ ಒಳಗೋಡೆಯ ತುಂಬ ಅತ್ತಿಗೆಯ ಊದಿದ ಮುಖಗಳು, ಪ್ರತಿಯೊಂದರಲ್ಲೂ ನಗು ಬರುವುದಕ್ಕೆ ಇನ್ನೇನು ಒಂದು ಕ್ಷಣ ಇದೆ. ನೆಂಟರು ಬಂದಾಗ ಅಣ್ಣ ಅದನ್ನು ಯುದ್ಧದ ಮ್ಯೂಸಿಯಂ ಎಂದು ತೋರಿಸುತ್ತಿದ್ದ.

"ಅವತ್ತು ಭಾವ, ತಪ್ಪು ನಂದು, ನೀನೇ ನನ್ನ ಫೋಟೋ ತೆಗಿ ಅಂದ್ರಂತೆ. ಮುಚ್ಚಳ ತೆಗೆದು ಜೇಬಿಗೆ ಹಾಕ್ಕೊಂಡು, ಇದನ್ನ ಅವಳ ಕೊರಳಿಗೆ ಹಾಕಿದ್ರಂತೆ. ನೀರಿನ ಟ್ಯಾಂಕಿನ ಪಕ್ಕ ಗೋಡೆ ಮೊಣಕಾಲುದ್ದವೂ ಇಲ್ಲ, ನೀವೇ ನೋಡಿದೀರಲ್ಲ. ಅವರು ಆ ಕಡೆ ಬೆನ್ನು ಮಾಡಿ ನಿಂತಿದ್ರು. ಎರಡು ಬಿಂಬ ಸೇರ್ತಾನೇ ಇಲ್ಲ, ಒಂಚೂರು ಹಿಂದೆ ಹೋಗಿ ಅಂದ್ಲಂತೆ. ಹೋದ್ರು. ಇನ್ನೂ ಸೇರಲಿಲ್ಲ. ಇನ್ನೊಂಚೂರು ಅಂದ್ಲಂತೆ."

ಮುಂದಿನದನ್ನು ಹೇಳುವ ಅಗತ್ಯವಿರಲಿಲ್ಲ.

ಅಣ್ಣ ಹಾರಲಿಲ್ಲ. ಹೆಂಡತಿಯ ಎದುರು ಫೋಟೋಕ್ಕೆ ನಿಂತು, ಬಹುಶಃ ನಗುತ್ತ, ಹಿಂದೆ ಸರಿದ. ಎರಡು ತಿಂಗಳಿಂದ ಹುಡುಕಿದ ಮಾತು ಸಿಕ್ಕಿತ್ತು. ಈಗಲೇ ಹೋಗಿ ಅತ್ತಿಗೆಯನ್ನು ಅಪ್ಪಿಕೊಂಡು, ನೀವು ಕೊಲ್ಲಲಿಲ್ಲ, ಅದು ಅಪಘಾತ ಎನ್ನಬಹುದಿತ್ತು.

"ಅವಳದೇನು ತಪ್ಪು ಹೇಳಿ?" ಪಾಪು ಮೂಗು ಒರೆಸಿಕೊಂಡ. "ಅವಳಿಗೆ ಪಾಪ ಕ್ಯಾಮೆರಾದ ತಲೆಬುಡ ಗೊತ್ತಿಲ್ಲ."

ಅದೇ ಮಾತು. ಅಕ್ಕನ ಬಾಯಿಂದ ತಮ್ಮನ ಬಾಯಿಗೆ ಬಂದ ಮಾತು.

"ಪಾಪು, ಫಿಲ್ಮ್ ಎಲ್ಲಿ?"

"ಯಾವ ಫಿಲ್ಮ್?"

"ಇದರೊಳಗಿದ್ದ ಫಿಲ್ಮ್. ತೆಗೆದವರು ಯಾರು?"

"ನಂಗೇನು ಗೊತ್ತು? ನಾನು ಅದನ್ನ ತೆಗೆದೇ ಇಲ್ಲ. ಅಂಗಡಿಯವನೇ ತೆಗೆದು ನೋಡಿ ಖಾಲಿ ಅಂದ. ಮಾರನೇ ದಿನ ಅಕ್ಕ ಇದನ್ನ ಕೊಟ್ಟು, ಕಣ್ಣ ಮುಂದೆ ಇರೋದು ಬೇಡ, ಎಲ್ಲಾದ್ರೂ ಸಾಗಹಾಕು ಅಂದ್ಲು. ಎಸೆಯೋಕೆ ಮನಸ್ಸಾಗಲಿಲ್ಲ, ಮಾರಿದೆ. ಅಷ್ಟೇ."

ಈ ಸಲ ಅವನು ಸುಳ್ಳು ಹೇಳುತ್ತಿರಲಿಲ್ಲ. ಹಿಂಬದಿ ಎಲ್ಲಿ ಎಳೆಯಬೇಕೆಂದೇ ಅವನಿಗೆ ಗೊತ್ತಿರಲಿಲ್ಲವೆಂದು ಮುದುಕ ಹೇಳಿದ್ದ.

ಫಿಲ್ಮನ್ನು ನೀಟಾಗಿ ಸುತ್ತಿ, ಹಲ್ಲುಚಕ್ರದಲ್ಲಿ ಚೂರೂ ಉಳಿಯದಂತೆ ತೆಗೆದವರು ತಿಳಿದವರು. ಅಣ್ಣ ಸತ್ತಿದ್ದ. ಪಾಪುವಿಗೆ ಬಾರದು. ಉಳಿದವರು ಒಬ್ಬರೇ. ಆ ಗಾಢ ಕೆಂಪು ಚುಕ್ಕೆಯನ್ನು ಅಣ್ಣ ಹೆಂಡತಿಯ ಸೀಸೆ ಕದ್ದು ಇಟ್ಟನೆಂದು ಇಷ್ಟು ದಿನ ಅಂದುಕೊಂಡಿದ್ದೆ. ಇಟ್ಟವರು ಅತ್ತಿಗೆಯೇ ಇರಬಹುದು, ತಮ್ಮ ಕಣ್ಣಿಗೆ ಬಿಂಬ ಎದ್ದು ಕಾಣಲೆಂದು.

ಫಿಲ್ಮ್ ತೆಗೆಯಲು ಬಲ್ಲವರಿಗೆ ಉಂಗುರ ತಿರುಗಿಸಲೂ ಗೊತ್ತಿರುತ್ತದೆ. ಎರಡು ಬಿಂಬ ಸೇರಲು ಉಂಗುರ ತಿರುಗಬೇಕು, ನಿಂತವನು ಸರಿಯಬೇಕಿಲ್ಲ.

ಮತ್ತೆ ಯಾಕೆ ಹಿಂದೆ ಹೋಗಿ ಅಂದರು? ಒಂದು ಸಲವಲ್ಲ, ಎರಡು ಸಲ.

"ನಾನೇ ಕೊಂದೆ" ಎಂದು ಅತ್ತಿಗೆ ಮೊದಲ ದಿನದಿಂದಲೂ ಹೇಳುತ್ತಲೇ ಇದ್ದರು. ಬಂದ ನೆಂಟರೆಲ್ಲ ಹಾಗನ್ನಬೇಡ ಎಂದು ಬೆನ್ನು ಸವರಿದರು. ಊರಿನ ಸುಳ್ಳನ್ನೆಲ್ಲ ಹಿಡಿಯುವ ನಾನೂ ಸವರಿದೆ. ಅದು ನಿಜವಿರಬಹುದೇ ಎಂದು ಒಬ್ಬರೂ ಕೇಳಲಿಲ್ಲ.

ಗಲ್ಲೆಯ ಮೇಲೆ ನನ್ನ ಫೋನ್ ಗುಯ್‌ಗುಟ್ಟಿತು. ಅತ್ತಿಗೆ. ಪಾಪು ಹೆಸರು ಓದಿ, ಬೇಡ ಎಂಬಂತೆ ತಲೆಯಾಡಿಸಿದ. ನಾನು ಎತ್ತಿದೆ.

"ಎಲ್ಲಿದ್ದೀಯೇ?"

"ಪಾಪು ಅಂಗಡೀಲಿ, ಅತ್ತಿಗೆ."

ಆ ಕಡೆ ಪಾತ್ರೆ ಇಟ್ಟ ಸದ್ದು, ನಲ್ಲಿ ನಿಂತ ಸದ್ದು ಕೇಳಿಸಿತು.

"ಹಾಗಾದ್ರೆ ಅವನು ಹೇಳಿರ್ತಾನೆ," ಎಂದರು. ಧ್ವನಿಯಲ್ಲಿ ಅಳುವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. "ಒಳ್ಳೇದಾಯ್ತು. ನಂಗೂ ಸಾಕಾಗಿತ್ತು."

ಕ್ಯಾಮೆರಾದ ಮುಚ್ಚಳ ಯಾವಾಗ ನನ್ನ ಮುಷ್ಟಿಗೆ ಬಂದಿತ್ತೋ ಗೊತ್ತಿಲ್ಲ. ಅದರ ಅಂಚು ಅಂಗೈಗೆ ಒತ್ತಿ ನೋಯುತ್ತಿತ್ತು. ಎರಡು ತಿಂಗಳಲ್ಲಿ ನನಗೆ ಗೊತ್ತಾದ ಮೊದಲ ನೋವು ಅದು.

"ಅತ್ತಿಗೆ, ಏನು ಹೇಳ್ತಿದ್ದೀರಿ?"

"ಬೇಗ ಮನೆಗೆ ಬಾ. ಬರ್ತಾ ಕತ್ತಲೆ ಕೋಣೆ ಬೀಗದ ಕೈ ತಾ," ಎಂದರು. "ಒಂದು ರೋಲ್ ಫಿಲ್ಮ್ ತೊಳೆಯೋದಿದೆ. ತೊಳೆಯೋಕೆ ನಂಗೆ ಬರುತ್ತೆ. ಅವತ್ತು ತಾರಸೀಲಿ ತೆಗೆದ ಅದರ ಕೊನೇ ಫೋಟೋದಲ್ಲಿರೋದನ್ನ ಒಬ್ಬಳೇ ನೋಡೋಕೆ ಮಾತ್ರ ನನ್ನಿಂದ ಆಗಲ್ಲ."